ಓರೆಮರಕ್ಕೆ ಗರಗಸ ಹಾಕಿದ ಅಳಿಯ

"ಶನಿವಾರ ಸಂಜೆಯೊಳಗೆ ಇದು ಇಲ್ಲಿರಬಾರದು!" ಎಂದು ನಾನು ಘೋಷಿಸಿದೆ.

ಇದು ಅಂದರೆ ಅಡುಗೆಮನೆಯ ಓರೆಮರ. ಕಂಬದ ನಡುವಿನಿಂದ ಹೊರಟು ಮೇಲಿನ ತೊಲೆಗೆ ಓರೆಯಾಗಿ ಆತುಕೊಂಡ, ತೊಡೆಯಷ್ಟು ದಪ್ಪದ ಓಕ್ ತುಂಡು. ಮುನ್ನೂರು ವರ್ಷದ ಮನೆಯ ಚೌಕಟ್ಟೆಲ್ಲ ಮರವೇ. ಸೇರಿಸಿದ್ದೂ ಮರದ ಗೂಟಗಳಿಂದ. ಜರ್ಮನಿಯ ಬ್ರೆಮೆನ್ ಪೇಟೆಯಲ್ಲಿ ಬೆಳೆದು ಈ ಹೊಲದ ಮನೆಗೆ ಮನೆಯಳಿಯನಾಗಿ ಬಂದ ನನ್ನ ಹಣೆಗೂ ಆ ಓರೆಮರಕ್ಕೂ ಹನ್ನೊಂದು ವರ್ಷಗಳಿಂದ ದಿನಕ್ಕೆರಡು ಬಾರಿ ಮುಖಾಮುಖಿ!

"ಆರ್ಮಿನ್, ಬಡಗಿ ಲ್ಯೂಡರ್‌ನನ್ನ ಒಂದು ಮಾತು ಕೇಳು," ಎಂದಳು ಹೆಂಡತಿ ಇಮ್ಕೆ.

"ಒಂದು ತುಂಡು ಮರ ಕೊಯ್ಯೋಕೆ ಬಡಗಿ ಬೇಕಾ? ನನಗೇನು ಕೈಯಿಲ್ವಾ?"

"ಕೈ ಇದೆ. ತಲೆದೇ ನನಗೆ ಅನುಮಾನ."

ಅವಳು ಹಾಲು ಕರೆಯಲು ಹೋದದ್ದೇ ತಡ, ಗರಗಸ ಹಿಡಿದೆ. ಮೂರು ಶತಮಾನದ ಓಕ್ ಇಪ್ಪತ್ತೇ ನಿಮಿಷದಲ್ಲಿ ನನಗೆ ಶರಣಾಯಿತು! ತಕ್ಷಣ ಮೇಲಿನ ತೊಲೆ ನರಳಿತು. ಗೋಡೆಯ ಮಣ್ಣು ಒಲೆಯ ಮೇಲಿದ್ದ ಬಟಾಣಿ ಸಾರಿಗೆ ಬಿತ್ತು. ತಟ್ಟೆಗಳು ಒಂದೊಂದಾಗಿ ಕಪಾಟಿನಿಂದ ಇಳಿದು ನೆಲದ ಮೇಲೆ ಚೂರಾದವು. ಪಕ್ಕದ ಕೋಣೆಯಿಂದ ಅತ್ತೆಯ ದನಿ ಕೇಳಿತು.

"ಬಾಗಿಲು ತೆರೀತಾ ಇಲ್ಲ!"

ತಳ್ಳಿದೆ, ಎಳೆದೆ. ಜಗ್ಗಲಿಲ್ಲ. ಓಡಿಬಂದ ಇಮ್ಕೆ ನನ್ನನ್ನೊಮ್ಮೆ, ಗರಗಸವನ್ನೊಮ್ಮೆ ನೋಡಿ, ಬಿಳಿಚಿಕೊಂಡು ಲ್ಯೂಡರ್‌ನನ್ನು ಕರೆತಂದಳು.

"ಗೋಡೆ ಬರೀ ಹೊದಿಕೆ ಮಾರಾಯ. ಮನೆ ನಿಂತಿರೋದು ಮೂಳೆ ಮೇಲೆ," ಎಂದ ಲ್ಯೂಡರ್. "ನೀನು ಅದರ ಮೊಣಕೈನೇ ಕತ್ತರಿಸಿದೀಯ! ಬಾಗಿಲು ಮುಟ್ಟಬೇಡ, ಈಗ ಭಾರ ಹೊತ್ತಿರೋದು ಅದರ ಚೌಕಟ್ಟು. ಅಮ್ಮಾ, ಕಿಟಕಿ ತೆರೆಯುತ್ತಾ?"

"ಅದೂ ಬಿಗಿದಿದೆ," ಎಂದರು ಒಳಗಿನಿಂದ.

"ಹೆದರಬೇಡಿ, ಆ ಕಡೆ ಏನೂ ಬೀಳಲ್ಲ."

ತೊಲೆಯ ಕೆಳಗೆ ಒಂದು ಕಂಬ ನಿಲ್ಲಿಸಿ, ಜಾರದಂತೆ ಹಿಡಿದುಕೊಂಡಿರು ಎಂದು ನನಗೆ ಹೇಳಿ, ಇಮ್ಕೆಯೊಡನೆ ತೊಲೆ ಎತ್ತುವ ಜ್ಯಾಕ್ ತರಲು ಹೊರಟ.

ಉಳಿದವರು ನಾನು, ಅತ್ತೆ, ನಡುವೆ ಒಂದು ಬಾಗಿಲು. ಹನ್ನೊಂದು ವರ್ಷದಲ್ಲಿ ನಮ್ಮಿಬ್ಬರ ಮಾತು ಬೆಳಗಿನ ನಮಸ್ಕಾರ ಮತ್ತು ಉಪ್ಪಿನ ಡಬ್ಬಿ ದಾಟಿದ್ದಿಲ್ಲ.

"ಆ ಮರ ತುಂಬಾ ಹೊಡೀತಿತ್ತಾ?" ಎಂದರು ಅತ್ತೆ.

"ದಿನಾ."

"ಹೇಳಬಾರದಿತ್ತಾ?"

"ನಿಮ್ಮ ಮನೆ. ನಾನು ಹೇಗೆ ಹೇಳಲಿ?"

ಒಳಗೆ ಕುರ್ಚಿ ಬಾಗಿಲ ಹತ್ತಿರಕ್ಕೆ ಸರಿದ ಸದ್ದಾಯಿತು.

"ನನ್ನ ಮನೆಯಾ?" ಎಂದರು. "ಮಹಾಯುದ್ಧದ ಕೊನೇ ಚಳಿಗಾಲದಲ್ಲಿ ರಷ್ಯನ್ ಸೇನೆಗೆ ಹೆದರಿ ಪೂರ್ವ ಪ್ರಶ್ಯದಿಂದ ಓಡಿ ಬಂದವಳು ನಾನು. ಹತ್ತೊಂಬತ್ತು ವರ್ಷ ಆಗ. ಈ ಮನೆಯವರು ಹಸುಗಳ ಪಕ್ಕ ಒಂದು ಮೂಲೆ ಕೊಟ್ಟರು. ಇವರ ಮಗನನ್ನ ಮದುವೆಯಾದ ಮೇಲೂ ನನ್ನತ್ತೆ ರೊಟ್ಟಿ ಬೀರುವಿಗೆ ಬೀಗ ಹಾಕ್ತಿದ್ದಳು. ಹದಿನಾಲ್ಕು ವರ್ಷ ಇಲ್ಲಿ ಸದ್ದಾಗದ ಹಾಗೆ ನಡೆದೆ. ಒಂದು ಕುರ್ಚಿನೂ ಸರಿಸಲಿಲ್ಲ. ನೀನು ಹನ್ನೊಂದಕ್ಕೇ ಗರಗಸ ಹಿಡಿದೆ. ಪರವಾಗಿಲ್ಲ."

ಕಂಬವನ್ನು ತಬ್ಬಿಕೊಂಡೇ ಎಲ್ಲ ಹೇಳಿದೆ. ಊಟದ ಮೇಜಿನಲ್ಲಿ ಯಾವ ಕುರ್ಚಿ ನನ್ನದೆಂದು ಇನ್ನೂ ಗೊತ್ತಿಲ್ಲ ಎಂದೆ. ನೀವು ಕೆಮ್ಮಿದರೂ ನನಗೇ ಬೈದಂತೆ ಕೇಳುತ್ತದೆ ಎಂದೆ. ಒಳಗೆ ಅವರು ಮೂಗು ಒರೆಸಿಕೊಂಡದ್ದು ಕೇಳಿಸಿತು. ಹುರುಪಿನಲ್ಲಿ ಓಕ್ ಕೊಯ್ಯುವ ವಿಧಾನವನ್ನೂ ವಿವರಿಸತೊಡಗಿದೆ.

ಎರಡು ಗಂಟೆ ಕಳೆದ ಮೇಲೆ ಲ್ಯೂಡರ್ ಬಂದು ಜ್ಯಾಕ್ ತಿರುಗಿಸಿದ. ತೊಲೆ ಕೂದಲೆಳೆಯಷ್ಟು ಎದ್ದಿತು. ಬಾಗಿಲು ತಾನೇ ತೆರೆದುಕೊಂಡಿತು. ಒಳಗೆ ಅತ್ತೆ ನೆಟ್ಟಗೆ ಕುರ್ಚಿಯಲ್ಲಿ ಕೂತಿದ್ದರು. ಮಡಿಲಲ್ಲಿ ಬುಟ್ಟಿ. ಬುಟ್ಟಿ ತುಂಬ ಇನ್ನೂ ಬೆಚ್ಚಗಿದ್ದ ಕೋಳಿಮೊಟ್ಟೆಗಳು!

"ಅತ್ತೆ, ಇದು... ಎಲ್ಲಿಂದ?"

"ಕೋಳಿಗೂಡಿಂದ. ಕಿಟಕಿ ದಾಟಿ ಹೋಗಿಬಂದೆ."

"ಬಿಗಿದಿದೆ ಅಂದಿರಲ್ಲ!"

"ತೆರೆಯುತ್ತೆ ಅಂದಿದ್ದರೆ ನೀನು ಬಾಯಿ ಬಿಡ್ತಿದ್ದೆಯಾ?"

ಕಣ್ಣೊರೆಸಿಕೊಳ್ಳುತ್ತಾ ನಾನು ಕೇಳಿದೆ, "ಹಾಗಾದರೆ ನನ್ನ ಮಾತು ಪೂರ್ತಿ ಕೇಳಲಿಲ್ವಾ?"

"ಕಷ್ಟ ಹೇಳಿಕೊಂಡದ್ದೆಲ್ಲ ಕೇಳಿದೆ ಮಗನೇ," ಎಂದರು ಅತ್ತೆ. "ಮರ ಹೇಗೆ ಕೊಯ್ಯಬೇಕು ಅಂತ ವಿವರಿಸೋಕೆ ಶುರುಮಾಡಿದೆಯಲ್ಲ, ಆಗ ಎದ್ದು ಹೋದೆ."