ಇಳಕಲ್ಲಿನ ಸೀರಿಯಲ್ ಸೆಟ್

ನಾ ಕೈ ಹಚ್ಚಿದ ಸಿಂಗಾರ ಒಂದರ ನೆಟ್ಟಗ ಆಗೇತೇನು ಅಂತ ಮಾತ್ರ ಕೇಳಬ್ಯಾಡ್ರಿ. ಸರಕಾರಿ ಆಫೀಸಿನ ಕಾರಕೂನ ನಾನು. ಯಾವ ಊರಿಗೆ ವರ್ಗ ಆದ್ರೂ ದೀಪಾವಳಿ ಫರಾಳಕ್ಕ, ಅಂದ್ರ ಎಲ್ಲಾರೂ ಮನಿ ಮಂದೀನ ಕರಕೊಂಡು ಬಂದು ತಿಂಡಿ ತಿನ್ನೂ ಕೂಟಕ್ಕ, ಆಫೀಸ್ ಸಿಂಗರಿಸೋ ಕೆಲಸ ನನ್ನ ಕೊರಳಿಗೇ ಬೀಳತಿತ್ತು. ರೊಕ್ಕ ಕೇಳಿದ್ರ ಸಾಹೇಬ್ರಿಗೆ ಕೆಮ್ಮು ಬರ್ತಿತ್ತು. ಊರು ಬದಲಾದ್ವು, ಸಾಹೇಬ್ರು ಬದಲಾದ್ರು, ಕೆಮ್ಮು ಮಾತ್ರ ಅದೇ.

ನನಗಿದ್ದದ್ದು ಒಂದೇ ಆಸೆ. ನನ್ನ ಹೆಂಡತಿ ಒಮ್ಮೆರ ‘ಛಲೋ ಆಗೇತ್ರಿ’ ಅನಬೇಕು. ಆಕಿ ಇಳಕಲ್ಲದ ನೇಕಾರರ ಮಗಳು, ಬಣ್ಣದಾಗ ಹುಟ್ಟಿ ಬೆಳದಾಕಿ. ಸುಮ್ಮ ಸುಮ್ಮನ ಹೊಗಳೂ ಪೈಕಿ ಅಲ್ಲ.

ಬಾದಾಮಿಯ ಸರಮಾಲಿ

ಎಪ್ಪತ್ತರ ದಶಕದ ಮಾತು. ಬಾದಾಮ್ಯಾಗ ಬಣ್ಣದ ಹಾಳಿ ಕತ್ತರಿಸಿ ಕೊಂಡಿ ಕೊಂಡಿ ಜೋಡಿಸಿ ಸರ ಮಾಡಿದೆ. ಅಂಟು ಕೊಳ್ಳೂದು ಯಾಕ ಅಂತ ಗೋದಿಹಿಟ್ಟು ಕುದಿಸಿದೆ. ಗಟ್ಟಿ ಹಿಡೀಲಿ ಅಂತ ಒಂದಿಷ್ಟು ಬೆಲ್ಲಾನೂ ಹಾಕಿದೆ.

ಫರಾಳದ ತಾಟು ಇಡೂಕಿಂತ ಮೊದಲ ಮಂಗ್ಯಾಗೋಳು ಬಂದ್ವು. ಹರೀಲಿಲ್ಲ, ಗದ್ದಲ ಮಾಡಲಿಲ್ಲ. ಸಾಲಾಗಿ ಕುಂತು ಒಂದೊಂದೇ ಕೊಂಡಿ ಬಿಚ್ಚಿ, ಅಂಟು ನೆಕ್ಕಿ, ಹಾಳಿ ಕೆಳಗ ಒಗದ್ವು. ನಾವೆಲ್ಲ ಬಾಯಿ ತಕ್ಕೊಂಡು ನೋಡಿದ್ವಿ.

‘ಅಬ್ಬಬ್ಬಾ, ಏನು ಶಿಸ್ತು! ನಮ್ಮ ಆಫೀಸಿನ್ಯಾಗ ಹಿಂಗ ಯಾರೂ ಕೆಲಸ ಮಾಡಿದ್ದು ನಾ ನೋಡಿಲ್ಲ’ ಅಂದ್ರು ಸಾಹೇಬ್ರು.

ನಾ ಹೆಂಡತಿ ಮಾರಿ ನೋಡಿದೆ. ‘ನೀವು ಸಿಂಗಾರ ಮಾಡಿದ್ರೋ, ಅಡಗಿ ಮಾಡಿದ್ರೋ?’ ಅಂದ್ಲು.

ಹುನಗುಂದದ ಆಕಾಶಬುಟ್ಟಿ

ಹುನಗುಂದಕ್ಕ ವರ್ಗ ಆದಾಗ, ಈ ಸಲ ಬೆಲ್ಲದ ಸಹವಾಸ ಬ್ಯಾಡ ಅಂತ ದೊಡ್ಡದೊಂದು ಆಕಾಶಬುಟ್ಟಿ ಕಟ್ಟಿದೆ. ಹಾಳಿಗೆ ರೊಕ್ಕ ಎಲ್ಲಿಂದ? ಸಿನಿಮಾ ಟಾಕೀಜಿನವರ ಕಡೆ ಹಳೇ ಪೋಸ್ಟರ್ ಇಸಗೊಂಡು, ಚಿತ್ರ ಒಳಗ, ಬಿಳಿ ಮಗ್ಗಲ ಹೊರಗ ಮಾಡಿ ಹಚ್ಚಿದೆ. ಹಾಲಿನಂಗ ಕಾಣತಿತ್ತು.

ಸಂಜೀಕ ಒಳಗ ದೀಪ ಇಟ್ಟೆ. ಇಟ್ಟಿದ್ದೇ ತಡ, ಬಿಳಿ ಹಾಳ್ಯಾಗಿಂದ ಕೆಂಪು ಕಣ್ಣು, ಹುರಿ ಮೀಸಿ, ಕೈಯಾಗ ಕತ್ತಿ, ಎಲ್ಲಾ ಮೂಡಿ ಬಂತು! ಸಿನಿಮಾದ ಖಳನಾಯಕ, ಸಾಹೇಬ್ರ ತಲಿ ಮ್ಯಾಲೇ ತೂಗಾಕತ್ತಿದ್ದ.

ಸಾಹೇಬ್ರ ತಾಯಿ ಗಡಬಡಿಸಿ ಎದ್ದು, ‘ಯಪ್ಪಾ, ವೀರಭದ್ರ!’ ಅಂತ ಕೈ ಮುಗದ್ರು. ತಾಯಿ ಮುಗದ ಮ್ಯಾಲೆ ಸಾಹೇಬ್ರು ಮುಗದ್ರು. ಸಾಹೇಬ್ರು ಮುಗದ ಮ್ಯಾಲೆ ಇಡೀ ಆಫೀಸ್ ಮುಗೀತು. ಖರೆ ಹೇಳ್ತೇನಿ, ನನಗೂ ಮೈ ಜುಮ್ ಅಂತು.

ಹೆಂಡತಿ ಮೆಲ್ಲಕ ಕಿವ್ಯಾಗ ಅಂದ್ಲು: ‘ದೇವ್ರು ಬೀಡಿ ಸೇದಾಕತ್ತಾನಲ್ರಿ.’

ಇಳಕಲ್ಲದ ಬೆಳಕು

ಎಂಬತ್ತರ ದಶಕದಾಗ ವರ್ಗ ಆಗಿದ್ದು ಸೀದಾ ಹೆಂಡತಿ ತವರೂರಿಗೆ. ‘ನಮ್ಮವರೆಲ್ಲಾ ಬರ್ತಾರ್ರಿ, ಇಲ್ಲೊಂದು ಮಾನ ಕಳೀಬ್ಯಾಡ್ರಿ’ ಅಂದ್ಲು.

ಬಾಗಲಕೋಟ್ಯಾಗ ಆಗ ಸಣ್ಣ ಸಣ್ಣ ಬಣ್ಣದ ಬಲ್ಬಿನ ಸರ ಬಂದಿದ್ವು. ಸೀರಿಯಲ್ ಸೆಟ್ ಅಂತಿದ್ರು. ಕೊಳ್ಳೋಣಂದ್ರ ಸಾಹೇಬ್ರಿಗೆ ಕೆಮ್ಮು. ನಮ್ಮ ಆಫೀಸಿನ ಹಿರಿ ಸಿಪಾಯಿ ನೇಕಾರರ ಓಣಿಯವರು. ಅವರನ್ನ ಕರದು, ‘ಸೀರಿಯಲ್ ಸೆಟ್ ಬೇಕಾಗೇತ್ರಿ’ ಅಂದೆ.

‘ಸೀರಿ ಎಲ್ಲಾ?’

‘ಹೌದ್ರಿ, ಸೀರಿಯಲ್! ಯಾರ ಮನ್ಯಾಗ ಇದ್ರೂ ಇಸಗೊಂಡು ಬರ್ರಿ. ನಾಳೆ ಜ್ವಾಕಿಲೆ ವಾಪಸ್ ಕೊಡೋಣು.’

‘ಬಣ್ಣ ಯಾವುದಿರ್ಲಿರಿ?’

‘ಎಷ್ಟು ಬಣ್ಣ ಇದ್ರ ಅಷ್ಟು ಛಲೋ. ಉದ್ದ ಇದ್ರ ಇನ್ನೂ ಮಸ್ತ್!’

ಮರುದಿನ ಮಧ್ಯಾಹ್ನ ನೋಡತೇನಿ, ಓಣಿ ಹೆಣ್ಮಕ್ಕಳೆಲ್ಲಾ ತಲಿ ಮ್ಯಾಲೆ ಗಂಟು ಹೊತಗೊಂಡು ಆಫೀಸಿಗೆ ಬರಾಕತ್ತಾರ. ಗಂಟು ಬಿಚ್ಚಿದ್ರ ಸೀರಿ! ಮದುವಿ ಸೀರಿ, ಬಸುರಾದಾಗ ಉಡಿಸಿದ ಕುಬಸದ ಸೀರಿ, ಟ್ರಂಕಿನ ತಳದಾಗ ಕಾದಿಟ್ಟ ಅಜ್ಜಿ ಸೀರಿ. ಬ್ಯಾಡ ಅನ್ನೂದು ಹೆಂಗ? ತೊಲಿಯಿಂದ ತೊಲಿಗೆ ಎಲ್ಲಾ ತೂಗ ಬಿಟ್ಟಿವಿ.

ಸಂಜೀಕ ಗ್ಯಾಸಬತ್ತಿ ಹಚ್ಚಿದಾಗ ನೋಡಬೇಕಿತ್ತು ನೀವು. ಎತ್ತ ನೋಡಿದ್ರೂ ಕೆಂಪು ಸೆರಗು, ಅದರ ಮ್ಯಾಲೆ ಗುಡಿ ಗೋಪುರದಂಥ ಸಾಲು ಸಾಲು ಬಿಳಿ ತೋಪತೆನಿ ನೇಯ್ಗಿ. ಗಾಳಿ ಬಂದ್ರ ಇಡೀ ಮಾಳಗಿ ಅಲುಗಾಡಿದಂಗ ಆಗತಿತ್ತು. ಸುಣ್ಣ ಉದುರಿದ ನಮ್ಮ ಆಫೀಸು ಅದೇ ಏನು ಅಂತ ನನಗೇ ಅನುಮಾನ. ಬಂದವರು ಚಪ್ಪಲಿ ಹೊರಗ ಬಿಟ್ಟು, ದನಿ ತಗ್ಗಿಸಿ ಮಾತಾಡಿದ್ರು. ಸಾಹೇಬ್ರು ಅವತ್ತು ಒಮ್ಮೆನೂ ಕೆಮ್ಮಲಿಲ್ಲ.

ಹೆಂಡತಿ ಬಾಗಲದಾಗ ನಿಂತು ಭಾಳ ಹೊತ್ತು ಮ್ಯಾಲೆ ನೋಡಿದ್ಲು. ಕಣ್ಣು ಒದ್ದಿ ಆಗಿದ್ವು. ‘ಛಲೋ ಆಗೇತ್ರಿ’ ಅಂದ್ಲು.

ನನಗ ಆಕಾಶ ಮೂರೇ ಗೇಣು. ಆ ಹುರುಪಿನ್ಯಾಗ ನಟ್ಟನಡುವ ತೂಗುತಿದ್ದ ಗಿಳಿಹಸರು ಸೀರಿ ತೋರಿಸಿ, ‘ಎಲ್ಲಾದ್ರಾಗ ಅದು ನೋಡು, ಏನು ಛಂದ ಐತಿ! ಯಾರ್ದೋ ಏನೋ, ಇಂಥಾ ಸೀರಿ ನಾ ಎಂದೂ ನೋಡಿಲ್ಲ’ ಅಂದೆ.

ಆಕಿ ಸೆರಗಿನಿಂದ ಕಣ್ಣು ಒರಸಿಕೊಂಡ್ಲು.

‘ನಂದ್ರಿ ಅದು. ಪ್ರತಿ ದೀಪಾವಳಿಗೂ ಉಟಗೊಂಡು ನಿಮ್ಮ ಮುಂದೇ ತಿರಗ್ಯಾಡೇನಿ. ನಿಮ್ಮ ಕಣ್ಣಿಗೆ ಬೀಳಬೇಕಾದ್ರ ತೊಲಿಗೆ ನೇತು ಹಾಕಬೇಕಾತು ನೋಡ್ರಿ!’