ಉಗುಳಿದ ಸಕ್ಕರೆ

ನೋಂದಣಿ ಕಚೇರಿ ಎದುರಿನ ಹುಣಸೆ ಮರದ ಕೆಳಗೆ ಬಾಂಡ್ ಬರೆಯುತ್ತ ಕೂತವನು ನಗುವುದಕ್ಕೆ ಬೇರೆಲ್ಲೂ ಹೋಗಬೇಕಿಲ್ಲ. ನಗುವೇ ಕಾಗದ ಹಿಡಿದುಕೊಂಡು ಬರುತ್ತದೆ. ಅಫಜಲಪುರ, ಆಳಂದ, ಜೇವರ್ಗಿ, ಮೂರೂ ಕಡೆ ಮನೆ ಮಾರುವವರ ಬಗ್ಗೆ ಒಂದು ಮಾತಿದೆ: ‘ಸಕ್ಕರಿ ಉಗುಳಿದ’. ನಮ್ಮಲ್ಲಿ ಮನೆಯ ದರಕ್ಕೆ ಮಾತು ಕೂಡಿದ ಕೂಡಲೇ ಎರಡೂ ಕಡೆಯವರು ಚಿಟಿಕೆ ಸಕ್ಕರೆ ಬಾಯಿಗೆ ಹಾಕಿಕೊಳ್ಳುತ್ತಾರೆ. ಅಲ್ಲಿಗೆ ಮಾತು ಪಕ್ಕಾ. ಆಮೇಲೆ ಹೆಚ್ಚು ಕೊಡುವವನು ಸಿಕ್ಕನೆಂದು ತಿರುಗಿಬಿದ್ದರೆ, ಅವನು ಸಕ್ಕರೆ ಉಗುಳಿದ ಹಾಗೆ.

ನಾಲಿಗೆ

ಜೇವರ್ಗಿಯ ಕಿರಾಣಿ ಅಂಗಡಿಯವರೊಬ್ಬರು ಮಹಾ ಹುಷಾರಿ. ಮಾರುವವನಿಗೆ ಸಕ್ಕರೆ ತಿನ್ನಿಸಿ, ಮೇಲೆ ನೀರು ಕುಡಿಸಿ, ಬಾಯಿ ತೆರೆಸಿ ನಾಲಿಗೆ ನೋಡಿದರು. ನಾಲ್ಕೇ ದಿನಕ್ಕೆ ಆ ಮನೆ ಬೇರೆಯವರಿಗೆ ಹೋಯಿತು. ನನ್ನ ಮುಂದೆ ಬಂದು ಕೂತವರು ಮೋಸವಾಯಿತು ಎನ್ನಲಿಲ್ಲ. “ನುಂಗಿದ್ದು ನಾನೇ ಕಣ್ಣಾರೆ ನೋಡೀನ್ರಿ” ಎನ್ನುತ್ತಲೇ ಇದ್ದರು.

ಬೆಲ್ಲ

ಆಳಂದದ ಮಾಸ್ತರರೊಬ್ಬರಿಗೆ ಭೂಸನೂರಿನ ಮನೆಯೊಂದು ಬೇಕಾಗಿತ್ತು. ಮಾರುವವನು ಸಕ್ಕರೆ ಕಾರ್ಖಾನೆಯಲ್ಲಿ ದುಡಿಯುವವನು. ವರ್ಷಗಟ್ಟಲೆ ಅದರ ವಾಸನೆ ಕುಡಿದು ಸಾಕಾಗಿದೆ, ಸಕ್ಕರೆ ಬಾಯಿಗೆ ಹಾಕುವುದಿಲ್ಲ, ಬೆಲ್ಲ ನಡೆಯುತ್ತದೆಯೇ ಎಂದು ಕೇಳಿದ. ಮಾಸ್ತರರು ಬಹಳ ಹೊತ್ತು ಯೋಚಿಸಿ ಒಪ್ಪಿದರು. ಬೆಲ್ಲ ಉಗುಳಿದವರ ಸುದ್ದಿ ಅವರು ಎಲ್ಲೂ ಕೇಳಿರಲಿಲ್ಲವಂತೆ.

ಹಿತ್ತಲು

ಈ ಮಾತು ಎಲ್ಲಿಂದ ಬಂತೆಂದು ಜನ ನನ್ನನ್ನೇ ಕೇಳುತ್ತಾರೆ. ಗೊತ್ತಿಲ್ಲ ಎನ್ನುತ್ತೇನೆ. ಸುಳ್ಳು. ಮೊದಲು ಉಗುಳಿದವರು ನಮ್ಮಪ್ಪ.

ಗಾಣಗಾಪುರದಲ್ಲಿ ನಮ್ಮದೊಂದು ಸಣ್ಣ ಮನೆಯಿತ್ತು. ಹಳೆ ಸೀರೆಗಳಿಂದ ಕೌದಿ ಹೊಲಿಯುವ ಒಬ್ಬ ಹೆಂಗಸು ಹತ್ತೊಂಬತ್ತು ವರ್ಷ ಅದರಲ್ಲಿ ಬಾಡಿಗೆಗಿದ್ದಳು. ನಾವೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಮನೆ ಅವಳಿಗೇ ಎಂದು ಮಾತಾಯಿತು, ಸಕ್ಕರೆಯೂ ಆಯಿತು. ಮರುದಿನವೇ ತಾನೇ ನಿಂತು ಗೋಡೆಗೆಲ್ಲ ಸುಣ್ಣ ಬಳಿದಳು. ಅದು ಒಣಗುವುದರೊಳಗೆ ಲಾಡ್ಜ್ ಕಟ್ಟುವವನೊಬ್ಬ ಬಂದು ಹೆಚ್ಚಿನ ದರ ಹೇಳಿದ.

ಅಪ್ಪ ನಾಲ್ಕು ಮಂದಿಯ ಮುಂದೆ ಖಾಲಾಳನ್ನು ಕರೆಸಿದರು. “ನೋಡವಾ, ನಂಗ ಸಕ್ಕರಿ ಬ್ಯಾನಿ ಅದ. ಅವತ್ತು ನಾ ನುಂಗೇ ಇಲ್ಲ, ಹಿತ್ತಲಕ್ಕ ಹೋಗಿ ಉಗುಳೀನಿ. ಮಾತು ಕೂಡಿಲ್ಲ.”

ಕೂತವರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಖಾಲಾ ಸೆರಗು ಬಾಯಿಗಿಟ್ಟುಕೊಂಡು ಹೊರಟುಹೋದಳು. ವಾರದಲ್ಲಿ ಮಾತು ಭೀಮಾ ದಾಟಿ ಜೇವರ್ಗಿಗೆ ಹೋಯಿತು. ಸೂಜಿ, ಅರಿವೆ ಗಂಟು ಕಟ್ಟಿಕೊಂಡು ಅವಳೂ ಅಲ್ಲಿಗೇ ಹೋದಳು. ಲಾಡ್ಜಿನವನ ಕಾಗದ ಬರೆದವನು ನಾನೇ. ಆ ನಗು ಈಗಲೂ ನನ್ನನ್ನು ಚುಚ್ಚುತ್ತದೆ.

ಹೋದ ತಿಂಗಳು ಜೇವರ್ಗಿಯಲ್ಲಿ ತಗಡು ಹೊದಿಸಿದ ಒಂದು ಪತ್ರಾಸಿನ ಕೋಣೆಯ ಕಾಗದ ಬರೆಯಲು ಕರೆ ಬಂತು. ಹೋಗಿ ನೋಡಿದರೆ ಕೊಳ್ಳುವವಳು ಖಾಲಾ. ಬೆನ್ನು ಬಾಗಿದೆ, ಕಣ್ಣು ಮಂಜಾಗಿದೆ. ನನ್ನ ದನಿಯಿಂದಲೇ ಗುರುತು ಹಿಡಿದಳು. ಅಪ್ಪ ತೀರಿಕೊಂಡರು ಎಂದೆ. “ಅಲ್ಲಾ ಒಳ್ಳೇದ್ ಮಾಡ್ಲಿ” ಎಂದಳು. ದರ ಕೂಡಿತು. ಮಾರುವವನಿಗೆ ಸಕ್ಕರೆ ಕೊಟ್ಟು, ತಾನೂ ತಿಂದು, ನನ್ನ ಅಂಗೈಗೂ ಒಂದು ಚಿಟಿಕೆ ಹಾಕಿದಳು.

ನನಗೂ ಈಗ ಅಪ್ಪನದೇ ಸಕ್ಕರೆ ಕಾಯಿಲೆ. ಸಕ್ಕರೆ ಬಾಯಿಗೆ ಹಾಕಿ, ನುಂಗದೆ ನಿಂತೆ. ಅವಳಿಗೆ ತಿಳಿದುಹೋಯಿತು.

“ಸಂಕೋಚ ಮಾಡ್ಕೋಬ್ಯಾಡ ಬೇಟಾ,” ಎಂದಳು, “ಹಿತ್ತಲ ಆ ಕಡಿ ಅದ.”

ನುಂಗಿಬಿಟ್ಟೆ.