ಸ್ವಂತ ಸೂರಿಗೊಂದು ರಸೀದಿ

ಇಪ್ಪತ್ತು ವರ್ಷ ತೆರಿಗೆಯವರ ಮುಂದೆ ಬಡವನಾಗಿ ಬಾಳಿದವನಿಗೆ ಒಂದೇ ಒಂದು ಬೆಳಗ್ಗೆ ಅನುಕೂಲಸ್ಥನಾಗಲು ಈ ಲೋಕ ಬಿಡುವುದಿಲ್ಲ ಎಂಬುದು ಸಿರಿಲ್ ಹಾವರ್ತ್‌ನ ದೂರು. ಓಲ್ಡಮ್ ಊರಿನಲ್ಲಿ ಅವನು ಗಿಲಾವು ಗುತ್ತಿಗೆದಾರ. ಗೋಡೆ, ಸೂರುಗಳಿಗೆ ಗಾರೆ ಮೆತ್ತಿ ಕನ್ನಡಿಯಂತೆ ನಯಗೊಳಿಸುವುದರಲ್ಲಿ ಅವನನ್ನು ಮೀರಿಸಿದವರು ಆ ಊರಿನಲ್ಲಿ ಇರಲಿಲ್ಲ. ಒಂದು ಸೂರನ್ನು ಬಿಟ್ಟು.

ಆ ಸೂರಿನ ಕಥೆ ೧೯೫೭ರದು. ಕೆನಾಲ್ ಬೀದಿಯ ಹದಿನಾಲ್ಕನೆಯ ಮನೆಯಲ್ಲಿ ಒಬ್ಬ ವಿಧವೆ ಮಗಳೊಂದಿಗೆ ಬಾಡಿಗೆಗಿದ್ದಳು. ಮುಂದಿನ ಕೋಣೆಯ ಸೂರು ಉದುರುತ್ತಿದೆಯೆಂದು ಸಿರಿಲ್‌ನನ್ನು ಕರೆಸಿದರು. ಮಗಳು ಎನಿಡ್ ಒಂದೇ ದಿನದಲ್ಲಿ ಹನ್ನೊಂದು ಸಲ ಚಹಾ ತಂದಳು. ಹನ್ನೊಂದು ಸಲವೂ ಸಿರಿಲ್ ಹಲಗೆಯ ಮೇಲಿಂದ ಕೆಳಗೆ ನೋಡಿದ. ಗಾರೆ ಯಾರ ಪ್ರಣಯಕ್ಕೂ ಕಾಯುವ ವಸ್ತುವಲ್ಲ. ತನ್ನ ಪಾಡಿಗೆ ಗಟ್ಟಿಯಾಯಿತು. ದೀಪದ ಪಕ್ಕದಲ್ಲಿ ಅಲೆಯಂತೆ ಒಂದು ಉಬ್ಬು ಎದ್ದು ಅಲ್ಲಿಯೇ ನಿಂತುಬಿಟ್ಟಿತು. ಮುಂದಿನ ವಸಂತದಲ್ಲಿ ಮದುವೆಯಾಯಿತು. ಸಿರಿಲ್ ಅದೇ ಮನೆಗೆ ಬಂದು ನೆಲೆಸಿದ. ಭಾನುವಾರ ಮಧ್ಯಾಹ್ನ ಹುರಿದ ಮಾಂಸದ ಊಟ ಮುಗಿಸಿ ಕುರ್ಚಿಗೆ ಒರಗಿದಾಗಲೆಲ್ಲ ಆ ಅಲೆಯನ್ನು ನೋಡುವನು. ಬೇರೆಯವರು ಮದುವೆಯ ಫೋಟೋ ನೋಡುವಂತೆ.

ಹೀಗೆ ಇಪ್ಪತ್ತು ವರ್ಷ ಕಳೆದವು. ರಾಣಿಯ ಪಟ್ಟದ ಬೆಳ್ಳಿಹಬ್ಬವೆಂದು ಬೀದಿಯುದ್ದಕ್ಕೂ ಬಣ್ಣದ ತೋರಣ ಕಟ್ಟಿದ್ದ ಬೇಸಿಗೆಯಲ್ಲಿ ಮನೆಯ ಒಡತಿ ಮಿಸ್ ಫಿಟನ್ ತೀರಿಕೊಂಡಳು. ಅವಳ ಸೋದರಳಿಯ ಬಂದು ಹೇಳಿದ: ಮನೆ ಮಾರುತ್ತೇನೆ, ಇರುವವರಿಗೆ ಮೊದಲ ಅವಕಾಶ, ಆರು ವಾರ ಗಡುವು, ತಪ್ಪಿದರೆ ಸೆತ್ ಆಗ್ಡನ್ ಕೊಳ್ಳಲು ಸಿದ್ಧನಿದ್ದಾನೆ.

ಸೆತ್ ಆಗ್ಡನ್ ಬೀದಿಯ ಮೂಲೆಯ ಮಾಂಸದ ಅಂಗಡಿಯವನು. ಸಿರಿಲ್ ಬರುವ ಮೊದಲು ಎನಿಡ್‌ಗೆ ವಾರಕ್ಕೊಮ್ಮೆ ಒಂದು ಪೌಂಡು ತೂಕದ ಸಾಸೇಜನ್ನು ಪ್ರೇಮಪೂರ್ವಕವಾಗಿ ಅರ್ಪಿಸುತ್ತಿದ್ದವನು.

"ಪ್ರತಿ ಶುಕ್ರವಾರ ಆ ಕಟುಕನಿಗೆ ನಾನು ಬಾಡಿಗೆ ಕೊಡ್ಬೇಕಾ? ಸತ್ರೂ ಇಲ್ಲ!" ಎಂದ ಸಿರಿಲ್.

"ಸಾಯೋದು ಆಮೇಲೆ ಇಟ್ಕೋ. ಮೊದ್ಲು ಸಾಲ ಕೇಳು," ಎಂದಳು ಎನಿಡ್. "ನಾನು ಹುಟ್ಟಿದ ಮನೆ ಮಾರಾಯ ಇದು. ಅವನ ಕೈಗೆ ಹೋಗಬಾರದು."

ಈಗಿನವರು ಯಂತ್ರದ ಮುಂದೆ ಕುಳಿತು ಮನೆಸಾಲ ಕೇಳುತ್ತಾರೆ. ಆಗ ಶೂಗೆ ಪಾಲಿಶ್ ಹಾಕಿ, ಹೆಂಡತಿಯನ್ನು ಪಕ್ಕದಲ್ಲಿಟ್ಟುಕೊಂಡು, ಗೃಹಸಾಲ ಸಂಘದ ಮ್ಯಾನೇಜರರ ಮುಂದೆ ಟೋಪಿ ತೆಗೆದು ಕೂರಬೇಕಿತ್ತು. ಮ್ಯಾನೇಜರ್ ಬಾರ್ಡ್ಸ್ಲಿ ಮೂರು ವರ್ಷದ ಲೆಕ್ಕಪತ್ರ ಕೇಳಿದ್ದರು. ಸಿರಿಲ್ ಅದನ್ನು ಹೆಮ್ಮೆಯಿಂದಲೇ ಮುಂದಿಟ್ಟ. ಅದು ಲೆಕ್ಕಿಗ ಟ್ವೀಡಲ್‌ನ ಮಹಾಕಾವ್ಯ. ನಗದು ಕೊಟ್ಟವರ ಕೆಲಸಗಳು ಅದರೊಳಗೆ ಕಾಲಿಟ್ಟೇ ಇರಲಿಲ್ಲ. ಮನೆಯ ನಾಯಿ ಅದರಲ್ಲಿ 'ಸರಕಿನ ಕಾವಲು ವೆಚ್ಚ'. ಬ್ಲ್ಯಾಕ್‌ಪೂಲಿನ ಸಮುದ್ರತೀರದಲ್ಲಿ ಕಳೆದ ರಜೆ 'ಮರಳಿನ ಪರಿಶೀಲನೆ'.

ಬಾರ್ಡ್ಸ್ಲಿ ಕನ್ನಡಕ ಏರಿಸಿ ಓದಿದರು. ಇಳಿಸಿ ಇನ್ನೊಮ್ಮೆ ಓದಿದರು.

"ಹಾವರ್ತ್ ಅವ್ರೇ, ಇಷ್ಟರಲ್ಲಿ ನೀವು ಹೇಗೆ ಬದುಕಿದ್ದೀರಿ?"

"ಚೆನ್ನಾಗಿಯೇ ಬದುಕಿದ್ದೀನಿ ಸ್ವಾಮಿ. ಇದು ತೆರಿಗೆಯವರಿಗೆ ಹೇಳಿದ್ದು."

"ಹಾಗಾದ್ರೆ ಸುಳ್ಳಾ?"

"ಸುಳ್ಳಲ್ಲ. ಸ್ವಲ್ಪ... ತೆಳುವಾಗಿ ಬಳಿದಿದ್ದು."

"ಈ ಕಾಗದದ ಪ್ರಕಾರ ನಿಮಗೆ ಮನೆಗಿರಲಿ, ನಾಯಿಗೂಡಿಗೂ ಸಾಲ ಕೊಡೋಕೆ ಬರಲ್ಲ."

ಸಿರಿಲ್‌ನ ಕಿವಿ ಕೆಂಪಾದವು. ಕಣ್ಣ ಮುಂದೆ ಸೆತ್ ಆಗ್ಡನ್ ಬಾಡಿಗೆ ಪುಸ್ತಕ ಹಿಡಿದು ನಗುತ್ತಾ ನಿಂತ. ಅಷ್ಟರಲ್ಲಿ ಬಾರ್ಡ್ಸ್ಲಿಯ ಬೆರಳು ಒಂದು ಸಾಲಿನ ಮೇಲೆ ನಿಂತಿತು.

"ದೂರವಾಣಿ ಗುಮಾಸ್ತೆ ಮತ್ತು ಕಾರ್ಯದರ್ಶಿ, ಎನಿಡ್ ಹಾವರ್ತ್, ಒಂಬತ್ತು ವರ್ಷದಿಂದ ಸಂಬಳ. ಇದು ನೀವೇನಾ ಅಮ್ಮ?"

ಎನಿಡ್ ಗಂಡನ ಕಡೆ ತಿರುಗಿದಳು. ಸಿರಿಲ್ ಕಿಟಕಿಯಾಚೆಯ ತೋರಣಗಳನ್ನು ಅಪಾರ ಆಸಕ್ತಿಯಿಂದ ನೋಡತೊಡಗಿದ. (ಹೆಂಡತಿಗೆ ಸಂಬಳ ಕೊಟ್ಟಂತೆ ಬರೆದರೆ ತೆರಿಗೆ ತಗ್ಗುತ್ತದೆ. ಇದು ಟ್ವೀಡಲ್‌ನ ಪ್ರತಿಭೆ. ಹೆಂಡತಿಗೆ ಹೇಳದಿದ್ದುದು ಸಿರಿಲ್‌ನದು.)

"ಹೌದು, ನಾನೇ," ಎಂದಳು ಎನಿಡ್ ನಿಧಾನವಾಗಿ. "ಫೋನ್ ಬಂದ್ರೆ ನಾನೇ ಎತ್ತೋದು. ಜೊತೆಗೆ ಶಾಲೆಯ ಅಡುಗೆಮನೆಯ ಮುಖ್ಯಸ್ಥೆ. ಚೀಟಿ ಇಲ್ಲಿದೆ." ಕೈಚೀಲದಿಂದ ಹೊರಬಂದದ್ದು ಒಂದು ಚೀಟಿಯಲ್ಲ, ಹನ್ನೆರಡು ವರ್ಷದ ಸಂಬಳದ ಚೀಟಿಗಳ ಕಟ್ಟು.

ಬಾರ್ಡ್ಸ್ಲಿಯ ಮುಖ ಅರಳಿತು. "ಎರಡು ಉದ್ಯೋಗ! ಮೊದಲಾಗಿದ್ರೆ ಹೆಂಗಸರ ಆದಾಯ ಅಂತ ಪಕ್ಕಕ್ಕಿಡ್ತಿದ್ವಿ. ಈಗ ಕಾನೂನು ಬದಲಾಗಿದೆ. ಅಮ್ಮ, ನಿಮ್ಮ ಹೆಸರಿಗೆ ಸಾಲ ಕೊಡ್ತೀವಿ, ಮನೆಯೂ ನಿಮ್ಮ ಹೆಸರಿಗೇ. ಇವರು ಜೊತೆಗೆ ಇರ್ತಾರೇನು?"

"ಯೋಚನೆ ಮಾಡ್ಬೇಕು," ಎಂದಳು ಎನಿಡ್.

ಬಸ್ಸಿನಲ್ಲಿ ಅವಳು ಬೆರಳು ಮಡಚಿ ಏನೋ ಲೆಕ್ಕ ಹಾಕಿದಳು. ಮೂರನೆಯ ನಿಲ್ದಾಣದಲ್ಲಿ ಕೇಳಿದಳು: "ಒಂಬತ್ತು ವರ್ಷದ ಸಂಬಳ ಎಲ್ಲಿ?"

"ಅದು ಕಾಗದದ ಮೇಲೆ ಮಾತ್ರ ಎನಿಡ್."

"ನಿನ್ನ ಬಡತನವೂ ಕಾಗದದ ಮೇಲೆ ಮಾತ್ರ ಇತ್ತು. ಅದನ್ನ ಆ ಮನುಷ್ಯ ನಂಬಲಿಲ್ವಾ? ನಾನು ಇದನ್ನ ನಂಬ್ತೀನಿ."

ಎರಡು ವಾರದ ಮೇಲೆ ಸಂಘದ ಪರೀಕ್ಷಕ ಬಂದು ಮನೆಯನ್ನೆಲ್ಲ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ ಹೋದ. ವರದಿಯನ್ನು ಎನಿಡ್ ಗಟ್ಟಿಯಾಗಿ ಓದಿದಳು: "ಮನೆ ಒಳ್ಳೆಯ ಸ್ಥಿತಿಯಲ್ಲಿದೆ. ಮುಂದಿನ ಕೋಣೆಯ ಸೂರನ್ನು ಮಾತ್ರ ಅನುಭವವಿಲ್ಲದವರು ಯಾರೋ ಮಾಡಿದಂತಿದೆ. ಅರ್ಹ ಗುತ್ತಿಗೆದಾರರಿಂದ ಹೊಸದಾಗಿ ಮಾಡಿಸಿ, ಪೂರ್ತಿ ಮೊತ್ತದ ರಸೀದಿ ಸಲ್ಲಿಸುವವರೆಗೆ ಸಾಲದಲ್ಲಿ ನೂರೈವತ್ತು ಪೌಂಡು ತಡೆಹಿಡಿಯಲಾಗುವುದು."

"ಅನುಭವವಿಲ್ಲದವರು!" ಸಿರಿಲ್ ಕುರ್ಚಿಯಿಂದ ಎದ್ದೇಬಿಟ್ಟ. "ಆ ಅಲೆ ಯಾಕೆ ಬಂತು ಅಂತ ಅವನಿಗೇನು ಗೊತ್ತು?"

"ನಂಗೊತ್ತು. ಸಂಘಕ್ಕೆ ಗೊತ್ತಾಗೋದು ಬೇಡ. ಎಷ್ಟಾಗುತ್ತೆ?"

ಅಭ್ಯಾಸಬಲ ಎಂಬುದೊಂದಿದೆಯಲ್ಲ, ಸಿರಿಲ್‌ನ ಬಾಯಿಂದ ತಾನಾಗಿಯೇ ಬಂತು: "ನಗದು ಕೊಟ್ರೆ ಸ್ವಲ್ಪ ಕಡಿಮೆ."

"ನಗದಿಲ್ಲ. ನನ್ನ ಬಾಕಿ ಸಂಬಳದಲ್ಲಿ ಮುರ್ಕೋತೀನಿ. ರಸೀದಿ ಮಾತ್ರ ಪೂರ್ತಿದು ಬೇಕು. ನಿನ್ನ ಹೆಸರು, ತಾರೀಖು, ಸಹಿ."

ಸಿರಿಲ್ ಟ್ವೀಡಲ್‌ನ ಬಳಿಗೆ ಓಡಿದ. ಟ್ವೀಡಲ್ ತಲೆಯ ಮೇಲೆ ಕೈಹೊತ್ತ. "ಸಂಘದ ಕಡತಕ್ಕೆ ಹೋಗೋ ರಸೀದಿ ಕಣಯ್ಯ! ಇದನ್ನ ನಾಯಿಯ ಹಿಂದೆ ಬಚ್ಚಿಡೋಕಾಗಲ್ಲ. ತೆರಿಗೆ ಕಟ್ಟಲೇಬೇಕು."

"ನನ್ನ ಮನೆ ಸೂರು ನಾನೇ ಮಾಡಿ, ಒಂದು ಕಾಸೂ ಮುಟ್ಟದೆ, ತೆರಿಗೆ ಕಟ್ಬೇಕಾ?"

"ನಿನ್ನ ಮನೆ ಯಾವುದು?" ಎಂದ ಟ್ವೀಡಲ್. "ಅದು ಅವಳ ಮನೆ."

ಶನಿವಾರ ಬೆಳಗ್ಗೆ ಸಿರಿಲ್ ಹಲಗೆ ಹತ್ತಿ ಹಳೆಯ ಗಾರೆಯನ್ನು ಕೆತ್ತಿದ. ಇಪ್ಪತ್ತು ವರ್ಷದ ಅಲೆ ಐದು ನಿಮಿಷದಲ್ಲಿ ನೆಲ ಕಂಡಿತು. ಅದರ ಒಂದು ಅಂಗೈಯಗಲದ ಚೂರನ್ನು ಯಾರಿಗೂ ಕಾಣದಂತೆ ಜೇಬಿಗಿಳಿಸಿ, ಹೊಸ ಗಾರೆ ಕಲಸಿ ಬಳಿಯತೊಡಗಿದ. ಎಷ್ಟು ಹೊತ್ತಾದರೂ ಅಡುಗೆಮನೆಯಿಂದ ಸದ್ದಿಲ್ಲ. ಗಂಟಲು ಒಣಗಿತು. ಸೂರು ಮಾತ್ರ ಇಸ್ತ್ರಿ ಪೆಟ್ಟಿಗೆ ಎಳೆದಷ್ಟು ಸಮನಾಯಿತು. ಮಟ್ಟ ನೋಡುವ ಪಟ್ಟಿಯಿಟ್ಟು ನೋಡಿದ, ಒಂದು ಕೂದಲೆಳೆಯ ತಪ್ಪೂ ಇಲ್ಲ.

ಆಗ ಬಾಗಿಲು ತೆರೆಯಿತು. ಎನಿಡ್ ಒಂದು ಕಪ್ ಚಹಾ ಹಿಡಿದು ಬಂದು ಕತ್ತೆತ್ತಿ ಸೂರಿನ ನಾಲ್ಕೂ ಮೂಲೆ ನೋಡಿದಳು. ಗಾರೆ ಗಟ್ಟಿಯಾಯಿತೇ ಎಂದು ಕೇಳಿದಳು. ಆಯಿತೆಂದ. ಆಮೇಲಷ್ಟೇ ಕಪ್ಪನ್ನು ಮೇಲಕ್ಕೆ ಚಾಚಿದಳು.

"ಬೆಳಗ್ಗೆಯಿಂದ ಒಂದೇ ಕಪ್ಪಾ?" ಎಂದ ಸಿರಿಲ್ ನೊಂದ ದನಿಯಲ್ಲಿ.

"ಕಳೆದ ಸಲ ಹನ್ನೊಂದು ತಂದು ಏನಾಯ್ತು ಅಂತ ಸಂಘದವರೇ ಬರೆದು ಕೊಟ್ಟಿದ್ದಾರೆ," ಎಂದಳು ಎನಿಡ್. "ಇಳಿಯೋವಾಗ ಜೋಪಾನ. ಜೇಬಲ್ಲಿರೋ ಚೂರು ಒಡೆದು ಹೋದೀತು."